ಎಂಟನೆಯ ಆಟ

ನಾಟಕದ ಟಿಕೆಟ್ಟು ಕೊಂಡವನು ಏನನ್ನು ಕೊಂಡ? ಕುರ್ಚಿಯನ್ನೇ? ಎರಡೂವರೆ ತಾಸಿನ ಹಾಡು ಕುಣಿತವನ್ನೇ? ಅಥವಾ ಒಬ್ಬ ಹೆಣ್ಣುಮಗಳ ಗಂಟಲನ್ನೇ? ಈ ಪ್ರಶ್ನೆ ಎದ್ದದ್ದು ನಮ್ಮ ಊರುಗಳಲ್ಲಲ್ಲ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ. ಆದರೂ ಇದು ಮೊದಲಿಗೆ ದುಡಿಮೆಯ ಪ್ರಶ್ನೆ, ಆಮೇಲೆ ಕಲೆಯ ಪ್ರಶ್ನೆ. ಹಾಗಾಗಿ ನಾವೂ ನಡುವೆ ಬಾಯಿ ಹಾಕುತ್ತಿದ್ದೇವೆ.

ನಡೆದದ್ದು ಇಷ್ಟು. 'ಫನ್ನಿ ಗರ್ಲ್' ಅನ್ನುವ ಸಂಗೀತ ನಾಟಕ 1964ರಲ್ಲಿ ಬಾರ್ಬ್ರಾ ಸ್ಟ್ರೈಸೆಂಡ್ ಎಂಬ ಹುಡುಗಿಯನ್ನು ಲೋಕಪ್ರಸಿದ್ಧಳನ್ನಾಗಿ ಮಾಡಿತ್ತು. ಫ್ಯಾನಿ ಬ್ರೈಸ್ ಎಂಬ ಯಹೂದಿ ಹಾಸ್ಯನಟಿಯ ಬದುಕಿನ ಕತೆ ಅದು. 58 ವರ್ಷದ ಮೇಲೆ, 2022ರ ಏಪ್ರಿಲ್‌ನಲ್ಲಿ, ಅದು ಮತ್ತೆ ಬ್ರಾಡ್‌ವೇಗೆ ಬಂತು. ಮೊದಲು ಫ್ಯಾನಿಯಾದ ಬೀನಿ ಫೆಲ್ಡ್‌ಸ್ಟೀನ್ ಜುಲೈ ಕೊನೆಗೆ ಬಿಟ್ಟು ಹೋದಳು. ಆಗಸ್ಟ್ ತಿಂಗಳು ಪೂರ್ತಿ ನಾಟಕವನ್ನು ಹೆಗಲ ಮೇಲೆ ಹೊತ್ತವಳು ಅಲ್ಲಿಯವರೆಗೂ ಬದಲಿಯಾಗಿ ಕಾದು ಕೂತಿದ್ದ ಜೂಲಿ ಬೆಂಕೊ. ಸೆಪ್ಟೆಂಬರ್ 6ಕ್ಕೆ ಹೆಸರುವಾಸಿ ಲಿಯಾ ಮಿಶೆಲ್ ಬಂದಳು. ವಾರಕ್ಕೆ ಎಂಟು ಆಟ. ಅದರಲ್ಲಿ ಏಳು ಮಿಶೆಲ್‌ದು, ಗುರುವಾರದ್ದು ಬೆಂಕೊದು ಅಂತ ಒಪ್ಪಂದವಾಯಿತು.

ಇಂಥ ಒಪ್ಪಂದ ಆದಾಗಲೆಲ್ಲ ನಾಟಕದ ಹುಚ್ಚಿನವರು ಎರಡು ಪಂಗಡವಾಗಿ ಕಚ್ಚಾಡುತ್ತಾರೆ. ಎಂಟು ಆಟ ಆಡಕ್ಕಾಗದಿದ್ದವಳು ಪಾತ್ರ ಯಾಕೆ ಒಪ್ಕೋಬೇಕಿತ್ತು? ಹಿಂದಿನವರೆಲ್ಲ ಎಂಟೂ ಆಡ್ತಿರಲಿಲ್ವಾ? ಕಲೆ ಅಂದ್ರೆ ತಪಸ್ಸು, ಆಫೀಸು ಕೆಲಸವಾ? ಇದು ಒಂದು ಕಡೆಯವರ ಮಾತು. ಗಂಟಲು ಮಾಂಸದ್ದು, ಕಬ್ಬಿಣದ್ದಲ್ಲ ಅನ್ನುವುದು ಇನ್ನೊಂದು ಕಡೆಯವರದು.

ಮೊದಲಿನವರ ಮಾತಿನಲ್ಲಿ ನಮಗೆ ಗುರುತು ಸಿಕ್ಕ ಒಂದು ಪದವಿದೆ. ತಪಸ್ಸು. ಯಾರೋ ದುಡಿಯುವಾಗ ಕೂತು ನೋಡುವವನು ಆ ದುಡಿಮೆಗೆ ಇಡುವ ಹೆಸರು ಅದು. ಕೂಲಿ ಕೇಳಿದರೆ ಸೇವೆ ಅನ್ನುತ್ತಾನೆ, ಬಿಡುವು ಕೇಳಿದರೆ ನಿಷ್ಠೆ ಅನ್ನುತ್ತಾನೆ. ನಾಟಿ ಕಾಲದಲ್ಲಿ ನಮ್ಮವ್ವಂದಿರ ಸೊಂಟ ಬಿದ್ದುಹೋದಾಗ ಅದನ್ನೂ ಭೂತಾಯಿಯ ಸೇವೆ ಅಂತ ಪದ್ಯ ಕಟ್ಟಿದ ಮಹನೀಯರು ಇದ್ದಾರೆ. ಅವರಲ್ಲಿ ಒಬ್ಬರೂ ಕೆಸರಿಗೆ ಕಾಲಿಟ್ಟವರಲ್ಲ. ನಿಜ, ಕೂಲಿಯವಳನ್ನೂ ಬ್ರಾಡ್‌ವೇ ತಾರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಾವು ತೂಗುತ್ತಿರುವುದು ಆ ಪದವನ್ನು ಮಾತ್ರ.

ಇನ್ನು ಈ ಎಂಟು. ಇದು ಎಲ್ಲಿಂದ ಬಂತು? ನಾಟಕದ ಹುಚ್ಚಿನವರು ಇದನ್ನು ಹಿಂದಿನವರು ಬಿಟ್ಟುಹೋದ ವ್ರತ ಅಂತ ತಿಳಿದಿದ್ದಾರೆ. ಚರಿತ್ರೆ ಬೇರೆ ಹೇಳುತ್ತದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ನಟನಟಿಯರು ವಾರಗಟ್ಟಲೆ ಸಂಬಳವಿಲ್ಲದೆ ತಾಲೀಮು ಮಾಡಬೇಕಿತ್ತು. ಮೇಳದಲ್ಲಿ ಕುಣಿಯುವ ಹುಡುಗಿಯರು ಕಾಲ್ಚೀಲ ಬೂಟುಗಳನ್ನು ತಾವೇ ಕೊಳ್ಳಬೇಕಿತ್ತು. ಪರಊರಿಗೆ ಕರಕೊಂಡು ಹೋದ ಯಜಮಾನ ಗಲ್ಲಾ ಖಾಲಿಯಾಯಿತೆಂದು ಅಲ್ಲೇ ಬಿಟ್ಟು ಬಂದರೆ ರೈಲಿನ ಕಾಸೂ ಇಲ್ಲ. ಹಬ್ಬ ಬಂದರೆ ಇನ್ನೊಂದು ಆಟ, ಮಧ್ಯಾಹ್ನ ಜನ ಸೇರಿದರೆ ಮತ್ತೊಂದು ಆಟ. ಸಂಬಳ ಮಾತ್ರ ಅಷ್ಟೇ. 1913ರಲ್ಲಿ ಇವರು ಆಕ್ಟರ್ಸ್ ಈಕ್ವಿಟಿ ಅನ್ನುವ ಸಂಘ ಕಟ್ಟಿದರು. 1919ರ ಆಗಸ್ಟ್ 7ರ ರಾತ್ರಿ ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು: ಎಂಟು ಆಟಕ್ಕೆ ಒಂದು ವಾರ ಅಂತ ಲೆಕ್ಕ, ಒಂಬತ್ತನೆಯದಕ್ಕೆ ಬೇರೆ ಕೂಲಿ.

ಅಂದರೆ ಎಂಟು ಅನ್ನುವುದು ಕೆಲಸಗಾರರು ಯಜಮಾನನ ಎದುರು ಬೀದಿಯಲ್ಲಿ ನಿಂತು ಎಳೆದ ಗೆರೆ. ಇದಕ್ಕಿಂತ ಮೇಲೆ ಬೇಡ ಅನ್ನುವ ಗೆರೆ. ಅದೇ ಗೆರೆಯನ್ನು ಈಗಿನ ಪ್ರೇಕ್ಷಕ ಇದಕ್ಕಿಂತ ಕೆಳಗೆ ಬೇಡ ಅಂತ ಓದುತ್ತಿದ್ದಾನೆ. ಗೆದ್ದವರ ಮೊಮ್ಮಕ್ಕಳಿಗೆ ಆ ಗೆಲುವೇ ಕೋಳವಾಗುವುದು ಹೀಗೆ.

ಆ ಮುಷ್ಕರದ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. 'ಲೈಟ್ನಿನ್' ಎಂಬ ಆ ಕಾಲದ ಗೆಲುವಿನ ನಾಟಕದ ನಾಯಕನಟ ಫ್ರ್ಯಾಂಕ್ ಬೇಕನ್ ತಾನೇ ನಾಟಕ ಬಿಟ್ಟು ಮುಷ್ಕರಕ್ಕೆ ಬಂದ. ಮೇಳದ ಹುಡುಗಿಯರಿಗೆ ಬೇರೆ ಸಂಘವೇ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಮೇರಿ ಡ್ರೆಸ್ಲರ್, ಸ್ವತಃ ದೊಡ್ಡ ನಟಿ. ರಂಗದ ಹಿಂದೆ ಹಗ್ಗ ಎಳೆಯುವವರು, ಪಿಟೀಲು ಬಾರಿಸುವವರು ಕೈ ಜೋಡಿಸಿದ ಮೇಲೆ ಸೆಪ್ಟೆಂಬರ್ 6ಕ್ಕೆ ಯಜಮಾನರು ಮಣಿದರು. ಎದುರು ನಿಂತ ನಟರೂ ಇದ್ದರು. ಅವರ ಮುಂದಾಳು ಜಾರ್ಜ್ ಎಂ. ಕೋಹನ್, ನಟನೂ ಹೌದು, ನಿರ್ಮಾಪಕನೂ ಹೌದು. ಇವತ್ತು ಟೈಮ್ಸ್ ಸ್ಕ್ವೇರಿನಲ್ಲಿ ಕಂಚಿನ ಪ್ರತಿಮೆಯಾಗಿ ನಿಂತಿರುವವನು ಕೋಹನ್, ಬೇಕನ್ ಅಲ್ಲ. ಪ್ರತಿಮೆಗಳು ಯಾರಿಗೆ ಏಳುತ್ತವೆ ಅನ್ನುವುದು ನಮಗೆ ಹೊಸ ವಿಷಯವೇನಲ್ಲ.

ಗಂಟಲಿನ ಲೆಕ್ಕವನ್ನೂ ನೋಡೋಣ. ಒಳಗಿರುವುದು ಎರಡು ಸಣ್ಣ ಮಡಿಕೆ. ಹೆಂಗಸು ಸುಮ್ಮನೆ ಮಾತಾಡುವಾಗ ಅವು ಸೆಕೆಂಡಿಗೆ ಸುಮಾರು ಇನ್ನೂರು ಸಲ ಒಂದಕ್ಕೊಂದು ಬಡಿಯುತ್ತವೆ. ತಾರಸ್ಥಾಯಿಗೆ ಏರಿದಾಗ ಅದರ ಎರಡು ಮೂರು ಪಟ್ಟು. ಬಾತುಕೊಂಡರೆ ಮೊದಲ ಮದ್ದು ಮೌನ. ಒಪೆರಾದಲ್ಲಿ ಮುಖ್ಯ ಗಾಯಕಿ ಒಂದು ರಾತ್ರಿ ಹಾಡಿದರೆ ಒಂದೆರಡು ದಿನ ಬಾಯಿ ಮುಚ್ಚಿಕೊಂಡಿರುತ್ತಾಳೆ, ಅದನ್ನು ಸೋಮಾರಿತನ ಅನ್ನುವವರಿಲ್ಲ. ಬ್ರಾಡ್‌ವೇಯಲ್ಲಿ ಆರು ದಿನಕ್ಕೆ ಎಂಟು ಆಟ, ಎರಡು ದಿನ ಮಧ್ಯಾಹ್ನವೂ ಆಟ ರಾತ್ರಿಯೂ ಆಟ. ಫ್ಯಾನಿಯಂತೂ ರಂಗ ಬಿಟ್ಟು ಒಳಗೆ ಹೋಗುವುದೇ ಅಪರೂಪ. 1979ರಲ್ಲಿ 'ಎವಿಟಾ' ಬ್ರಾಡ್‌ವೇಗೆ ಬಂದಾಗಲೇ ರಾತ್ರಿಯ ಆಟ ಪ್ಯಾಟಿ ಲುಪೋನ್‌ದು, ಮಧ್ಯಾಹ್ನದ ಆಟ ಟೆರ್ರಿ ಕ್ಲಾಸ್ನರ್‌ದು ಅಂತ ಹಂಚಿದ್ದರು. ಹಿಂದಿನವರೆಲ್ಲ ಎಂಟೂ ಆಡಿದರು ಅನ್ನುವ ಮಾತು ಅರ್ಧಕ್ಕೆ ಅರ್ಧ ಪುರಾಣ.

ಹಾಗಂತ ಸಿಟ್ಟಾದ ಪ್ರೇಕ್ಷಕನನ್ನು ಹಂಗಿಸಿ ಮುಗಿಸಿಬಿಡುವುದು ನಮ್ಮಿಂದಾಗದು. ದೂರದ ಊರಿನವನು ತಿಂಗಳುಗಟ್ಟಲೆ ಕಾಸು ಕೂಡಿಟ್ಟು ಬಂದಿದ್ದಾನೆ. ಬಾಗಿಲಲ್ಲಿ ಬೋರ್ಡು ನೋಡಿ ಎದೆ ಧಸಕ್ ಅನ್ನುತ್ತದೆ. ಅವನ ನೋವು ಸುಳ್ಳಲ್ಲ. ಆದರೆ ಅವನಿಗೆ ಆ ಹೆಸರನ್ನು ಮಾರಿದವರು ಯಾರು? ಬ್ರಾಡ್‌ವೇಯಲ್ಲಿ ಒಂದು ಪದ್ಧತಿಯಿದೆ. ನಾಟಕದ ಹೆಸರಿಗಿಂತ ಮೇಲೆ ಯಾರ ಹೆಸರು ಅಚ್ಚಾಗಿದೆಯೋ ಅವರು ತಪ್ಪಿಸಿಕೊಂಡರೆ ಟಿಕೆಟ್ಟು ವಾಪಸ್ಸು ಮಾಡಬಹುದು, ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದು. ಉಳಿದ ಯಾರೇ ಬರದಿದ್ದರೂ ಆ ಹಕ್ಕಿಲ್ಲ. ನಾವು ಮಾರುತ್ತಿರುವುದು ನಾಟಕವನ್ನಲ್ಲ, ಒಂದು ಹೆಸರನ್ನು ಅಂತ ವ್ಯಾಪಾರಿಯೇ ಬರೆದುಕೊಟ್ಟ ಹಾಗಾಯಿತಲ್ಲ? ಹೆಸರನ್ನು ಬೋರ್ಡಿನ ತುಂಬ ಬರೆದು ನೂರಾರು ಡಾಲರಿಗೆ ಮಾರಿದವನು ತಣ್ಣಗೆ ಒಳಗೆ ಕೂತಿರುತ್ತಾನೆ. ಬೈಗುಳ ತಿನ್ನುವವರು ಇಬ್ಬರು ಹೆಂಗಸರು: ಬರದವಳೊಬ್ಬಳು, ಬಂದವಳೊಬ್ಬಳು.

ಆ ಬಂದವಳ ವಿಚಾರವೇ ನಮ್ಮನ್ನು ಹೆಚ್ಚು ಕಾಡಿದ್ದು. ನಮ್ಮ ಹತ್ತಿಗಿರಣಿಗಳಲ್ಲಿ 'ಬದಲಿ' ಅಂತ ಕರೆಸಿಕೊಳ್ಳುವ ಒಂದು ಜಾತಿಯ ಕಾರ್ಮಿಕರಿದ್ದರು. ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುವುದು, ಕಾಯಂ ಆದವನು ಬರದಿದ್ದರೆ ಕೆಲಸ, ಬಂದರೆ ಮನೆಗೆ. ಕೆಲಸದಲ್ಲಿ ಯಾರಿಗೂ ಕಮ್ಮಿಯಿಲ್ಲ, ಆದರೆ ವರ್ಷಗಳು ಕಳೆದರೂ ಅವನ ಹೆಸರು ಬದಲಿಯೇ. ಬ್ರಾಡ್‌ವೇಯಲ್ಲೂ ಬದಲಿಗಳಿದ್ದಾರೆ. ಸಂಬಳವೂ ಸಂಘವೂ ಉಂಟು, ಗಿರಣಿಯ ಬದಲಿಗಿಂತ ಎಷ್ಟೋ ವಾಸಿ. ಆದರೆ ಪ್ರೇಕ್ಷಕನ ಕಣ್ಣಿನಲ್ಲಿ ಅದೇ ಗೇಟು.

2017ರಲ್ಲಿ 'ಹಲೋ, ಡಾಲಿ!' ಮತ್ತೆ ರಂಗಕ್ಕೆ ಬಂದಾಗ ಬೆಟ್ ಮಿಡ್ಲರ್‌ಗೆ 71 ವರ್ಷ. ಜೂನ್‌ನಿಂದ ಮಂಗಳವಾರದ ಆಟವನ್ನು ಡೊನ್ನಾ ಮರ್ಫಿ ಆಡಿದಳು. ಈ ಮರ್ಫಿ ಯಾರೋ ದಾರಿಹೋಕಳಲ್ಲ, ಆ ವೇಳೆಗೆ ಎರಡು ಟೋನಿ ಪ್ರಶಸ್ತಿ ಗೆದ್ದವಳು. ಆದರೂ ಮಿಡ್ಲರ್ ರಜೆಗೆ ಹೋದ ದಿನಗಳಲ್ಲಿ ಗಲ್ಲಾ ಇಳಿಯಿತು. ಕುಣಿತ ಅದೇ, ಹಾಡು ಅದೇ, ಹಾಡುವವಳ ಗಂಟಲು ಒಂದು ಕೈ ಮೇಲೇ ಅನ್ನೋಣ; ಬೆಲೆ ಮಾತ್ರ ಕಮ್ಮಿ. ಹಾಗಾದರೆ ಬೆಲೆ ಇದ್ದದ್ದು ಯಾವುದಕ್ಕೆ? ಹೆಸರಿನಿಂದ ಬೆಲೆ ಕಟ್ಟುವ ಸಮಾಜದಲ್ಲಿ ಹುಟ್ಟಿದ ನಾವು ಈ ಪ್ರಶ್ನೆಯನ್ನು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ.

ಇದೇ ಡಾಲಿಯ ಚರಿತ್ರೆಯಲ್ಲಿ 1967ನೇ ಇಸವಿ ಬರುತ್ತದೆ. ಆ ವರ್ಷದ ನವೆಂಬರ್‌ನಲ್ಲಿ, ಕರಿಯರ ಹೋರಾಟದ ಕಾವು ಇನ್ನೂ ಆರದಿದ್ದಾಗ, ಪೂರ್ತಿ ಕರಿಯ ನಟನಟಿಯರೇ ಇದ್ದ ತಂಡ ಅದೇ ನಾಟಕವನ್ನು ಅದೇ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಆಡಿತು. ಡಾಲಿ ಪರ್ಲ್ ಬೈಲಿ, ಎದುರಿಗೆ ಕ್ಯಾಬ್ ಕ್ಯಾಲೊವೇ. ಬೈಲಿಗೆ ವಿಶೇಷ ಟೋನಿ ಕೊಟ್ಟರು. ಎಷ್ಟೋ ಆಟಗಳಲ್ಲಿ ಆಕೆಯ ಜಾಗದಲ್ಲಿ ನಿಂತು ಹಾಡಿದವಳು ಥೆಲ್ಮಾ ಕಾರ್ಪೆಂಟರ್, ಕೌಂಟ್ ಬೇಸಿಯ ತಂಡದಲ್ಲಿ ಹಾಡಿ ಬಂದ ದೊಡ್ಡ ಕಂಠ. ಬೈಲಿಯ ಹೆಸರು ನಾಟಕದ ಪುಸ್ತಕಗಳಲ್ಲೆಲ್ಲ ಇದೆ. ಕಾರ್ಪೆಂಟರಳನ್ನು ಹುಡುಕಬೇಕು. ಬದಲಿಯೊಳಗೂ ಬದಲಿ ಉಂಟು. ಬಿಳಿಯರ ಡಾಲಿಗೆ ಬದಲಿಯೆಂದು ಬಂದ ಕರಿಯ ಡಾಲಿ, ಆಕೆಗೂ ಒಬ್ಬಳು ಬದಲಿ. ಅತ್ತ 1964ರ 'ಫನ್ನಿ ಗರ್ಲ್'ನಲ್ಲಿ ಸ್ಟ್ರೈಸೆಂಡಳಿಗೆ ಬದಲಿಯಾಗಿ ಕಾದ ಲೈನಿ ಕಜಾನ್‌ಗೆ ಕೊನೆಗೆ ಸಿಕ್ಕಿದ್ದು ಒಂದೇ ದಿನದ ಎರಡು ಆಟ.

ಗುರುವಾರದ ಬೆಂಕೊ ಈ ಸಾಲಿನಲ್ಲಿ ಸ್ವಲ್ಪ ಅದೃಷ್ಟವಂತೆ. ಆಕೆಗೆ ಕಾಯಂ ದಿನವಿತ್ತು, ಜಾಹೀರಾತಿನಲ್ಲಿ ಹೆಸರಿತ್ತು. ಬೇಕೆಂದೇ ಗುರುವಾರದ ಟಿಕೆಟ್ಟು ಕೊಳ್ಳುವವರು ಹುಟ್ಟಿಕೊಂಡರು. ಬಿಡುವನ್ನು ಕದ್ದು ಮುಚ್ಚಿ ಕೊಡುವ ಬದಲು ಇಂಥ ದಿನ ಇಂಥವಳು ಅಂತ ಮೊದಲೇ ಹೇಳಿಬಿಟ್ಟರೆ ಪ್ರೇಕ್ಷಕನಿಗೂ ಮೋಸವಿಲ್ಲ, ಬದಲಿಗೂ ಒಂದು ಮುಖ ಸಿಗುತ್ತದೆ. ಅದಕ್ಕೇ ನಾವು ಮಿಶೆಲ್‌ಳ ಗುರುವಾರದ ಪರ.

ಆದರೆ ನಮ್ಮ ಸಮಾಧಾನ ಅಲ್ಲಿಗೆ ನಿಲ್ಲುತ್ತದೆ. ಯಾಕೆಂದರೆ ಆ ಗುರುವಾರ ಯಾರಿಗೆ ಸಿಕ್ಕಿತು? ತಾರೆಗೆ, ಆಕೆಯ ಸ್ವಂತ ಕರಾರಿನಲ್ಲಿ. ಆಕೆಯ ಹಿಂದೆ ಕುಣಿಯುವವರು ಗುರುವಾರವೂ ಕುಣಿದರು. ಅವರ ಮೊಣಕಾಲೂ ಮಾಂಸ ಮೂಳೆಯದೇ. ಬಟ್ಟೆ ತೊಡಿಸುವವಳು ಅದೇ ಬಟ್ಟೆಯನ್ನು ಇನ್ನೊಂದು ಮೈಗೆ ತೊಡಿಸಿದಳು. ಜಡ್ಡು ಬಿದ್ದರೆ ರಜೆ ಉಂಟು, ವರ್ಷದ ರಜೆ ಉಂಟು. ಆದರೆ ವಾರಕ್ಕೆ ಏಳೇ ಆಟ ಅನ್ನುವ ಮಾತು ಅವರ ಬಾಯಿಂದ ಹೊರಟರೆ ಕೇಳುವವರಿಲ್ಲ. ತಾರೆಯ ಗಂಟಲಿಗಾಗಿ ಕಣ್ಣೀರು ಹಾಕುವ ನಾಟಕದ ಹುಚ್ಚಿನವರೂ ಈ ಕಡೆ ತಿರುಗುವುದಿಲ್ಲ.

ಎಲ್ಲರೂ ಒಮ್ಮೆ ಆ ಕಡೆ ತಿರುಗಿದ್ದುಂಟು. 2021ರ ಡಿಸೆಂಬರ್ 23ರಂದು 'ದಿ ಮ್ಯೂಸಿಕ್ ಮ್ಯಾನ್' ನಾಟಕದ ನಾಯಕಿ ಸಟನ್ ಫಾಸ್ಟರ್‌ಗೆ ಕೊರೋನಾ ಬಂತು. ಹಲವು ಪಾತ್ರಗಳನ್ನು ಬಾಯಿಪಾಠ ಮಾಡಿಕೊಂಡು ಯಾವುದು ಖಾಲಿಯಾದರೂ ತುಂಬಲು ಕಾದಿರುವವರನ್ನು ಅಲ್ಲಿ ಸ್ವಿಂಗ್ ಅಂತಾರೆ. ಅಂಥವಳೊಬ್ಬಳು, ಕ್ಯಾಥಿ ವಾಯ್ಟ್‌ಕೊ. ಮಧ್ಯಾಹ್ನ ಹನ್ನೆರಡಕ್ಕೆ ಸುದ್ದಿ, ಒಂದಕ್ಕೆ ನಾಯಕಿಯಾಗಿ ಮೊದಲ ತಾಲೀಮು, ರಾತ್ರಿ ಆಟ. ಆಟ ಮುಗಿದ ಮೇಲೆ ನಾಯಕನಟ ಹ್ಯೂ ಜಾಕ್‌ಮನ್ ಆಕೆಯನ್ನು ಮುಂದೆ ಕರೆದು, ಇಂಥವರೇ ಬ್ರಾಡ್‌ವೇಯ ತಳಪಾಯ ಅನ್ನುವ ಮಾತಾಡಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಳ್ಳೆಯದೇ. ತಳಪಾಯ ಅಂತ ಹೊಗಳಿಸಿಕೊಳ್ಳುವುದು ಏನು ಅಂತ ಬಲ್ಲ ನಮಗೆ ಮಾತ್ರ ಆ ಚಪ್ಪಾಳೆ ಪೂರ್ತಿ ಹಿಡಿಸಲಿಲ್ಲ. ತಳಪಾಯದ ಕಲ್ಲಿಗೆ ವಾರದ ರಜೆ ಎಷ್ಟು ಅಂತ ಆ ಸಭೆಯಲ್ಲಿ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

1919ರಲ್ಲಿ ಆಗಸ್ಟ್ ತಿಂಗಳ ಬಿಸಿಲಲ್ಲಿ ತಾರೆಯೂ ಮೇಳದ ಹುಡುಗಿಯೂ ಒಂದೇ ಸಾಲಿನಲ್ಲಿ ನಡೆದಿದ್ದರು. ಎಂಟು ಅನ್ನುವ ಗೆರೆ ಇಬ್ಬರಿಗೂ ಒಟ್ಟಿಗೆ ಸಿಕ್ಕಿತ್ತು. 2022ರಲ್ಲಿ ಏಳು ಅನ್ನುವುದು ಒಬ್ಬಳ ಕರಾರಿನ ಒಂದು ಸಾಲಾಗಿ ಬಂತು. 'ಫನ್ನಿ ಗರ್ಲ್' 2023ರ ಸೆಪ್ಟೆಂಬರ್ 3ಕ್ಕೆ ಮುಗಿಯಿತು. ಅಷ್ಟು ದಿನವೂ ಮೇಳದವರ ಲೆಕ್ಕ ವಾರಕ್ಕೆ ಎಂಟೇ ಇತ್ತು.