ಕೆಂಪು ಇಟ್ಟಿಗೆಯ ಮನೆ

ಹಳೆಯ ಇಟ್ಟಿಗೆ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯೊಂದು ಎರಡೇ ಎಲೆ ಬಿಟ್ಟು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ನಾಳೆ ಕಿತ್ತರಾಯಿತು ಎಂದುಕೊಂಡು ಒಳಗೆ ಹೋಗಿಬಿಡುತ್ತೇವೆ. ಬೇರು ಮಾತ್ರ ನಮ್ಮ ನಾಳೆಗೆ ಕಾಯುವುದಿಲ್ಲ.

ಲಂಡನ್ನಿನ ಅಂಚಿನ ಬೆಕ್ಸ್ಲಿಹೀತ್‌ನಲ್ಲಿ ಇಂಥ ‘ನಾಳೆ’ಗೆ ಬಲಿಯಾಗದೆ ಉಳಿದ ‘ರೆಡ್ ಹೌಸ್’ ಎಂಬ ಇಟ್ಟಿಗೆ ಮನೆಯೊಂದಿದೆ. ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್ ಮದುವೆಯಾದ ವರ್ಷವೇ, 1859ರಲ್ಲಿ, ಗೆಳೆಯ ಫಿಲಿಪ್ ವೆಬ್ ಕೈಯಿಂದ ಅದನ್ನು ಕಟ್ಟಿಸತೊಡಗಿದರು. ಇಟ್ಟಿಗೆಗೆ ಗಿಲಾವು ಬಳಿದು ಕಲ್ಲಿನಂತೆ ತೋರಿಸುವುದು ಆಗ ದೊಡ್ಡವರ ಮನೆಗಳಲ್ಲಿ ರೂಢಿ. ವೆಬ್ ಇಟ್ಟಿಗೆಯನ್ನು ಇಟ್ಟಿಗೆಯಾಗಿಯೇ ಬಿಟ್ಟರು. ಕಿಟಕಿಗಳನ್ನೂ ಹೊರಗಿನವರ ಕಣ್ಣಿಗಾಗಿ ಸಾಲುಹಿಡಿಸದೆ, ಒಳಗಿನ ಕೋಣೆಗೆ ಎಲ್ಲಿ, ಎಷ್ಟು ಅಗಲ ಬೇಕೋ ಹಾಗೆ ಇಟ್ಟರು. ಮೂಲೆಮಟ್ಟದ ಆಕಾರದ ಮನೆ. ಅದರ ಎರಡು ತೋಳುಗಳ ನಡುವೆ ಚೂಪು ಮಾಡಿನ ಬಾವಿ. ಸುತ್ತ ಮೊದಲೇ ಇದ್ದ ಹಣ್ಣಿನ ತೋಟ. ಮುಖ್ಯ ಕೋಣೆಗಳು ಉತ್ತರಕ್ಕೆ ಮುಖ ಮಾಡಿದ್ದರಿಂದ ಚಳಿಗಾಲದಲ್ಲಿ ಮನೆ ಕೊರೆಯುತ್ತಿತ್ತು. ಆದರ್ಶದ ಮನೆಯಲ್ಲೂ ಕಂಬಳಿ ಬೇಕಾಗುತ್ತದೆ ಅನ್ನಿ! ಮನಸ್ಸಿಗೊಪ್ಪುವ ಸಾಮಾನು ಅಂಗಡಿಗಳಲ್ಲಿ ಸಿಗದೆ ಸ್ನೇಹಿತರೇ ಸೇರಿ ಗೋಡೆಗೆ ಚಿತ್ರ ಬರೆದರು, ಪರದೆಗೆ ಕಸೂತಿ ಹಾಕಿದರು.

ಇಷ್ಟೆಲ್ಲ ಮಾಡಿಯೂ ಮಾರಿಸ್ ಅಲ್ಲಿದ್ದದ್ದು ಐದೇ ವರ್ಷ. 1865ರಲ್ಲಿ ಬಿಟ್ಟು ಹೊರಟರು. ಅದೇ ಮಾರಿಸ್ ಮತ್ತು ವೆಬ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘ ಕಟ್ಟಿದರು. ಜೀರ್ಣೋದ್ಧಾರದ ಹೆಸರಲ್ಲಿ ಹಳತನ್ನು ಕೆರೆದು ಹೊಸದಾಗಿಸುವ ಉತ್ಸಾಹ ಅವರಿಗೆ ಸೇರದು. ಸೋರುವ ಮಾಡನ್ನು ಆಗಾಗ ಸರಿಪಡಿಸಿ, ಬಾಗಿದ ಗೋಡೆಗೆ ಆನಿಕೆ ಕೊಟ್ಟು, ನಿತ್ಯದ ಜತನದಿಂದ ಶಿಥಿಲತೆಯನ್ನು ತಡೆಯಿರಿ ಎಂಬುದು ಅವರ ಕೋರಿಕೆ. ರೆಡ್ ಹೌಸ್ ಉಳಿದದ್ದೂ ಇಂಥ ಜತನದಿಂದಲೇ. 1952ರಲ್ಲಿ ಅಲ್ಲಿಗೆ ಬಂದ ಟೆಡ್ ಹಾಲಂಬಿ ಎಂಬ ವಾಸ್ತುಶಿಲ್ಪಿಯ ಕುಟುಂಬ ಅರ್ಧ ಶತಮಾನ ಅದನ್ನು ನೋಡಿಕೊಂಡಿತು. 2003ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಕಟ್ಟಿಸಿದವರಿಗಿಂತ ಕಾಪಾಡಿದವರ ಋಣವೇ ಆ ಮನೆಯ ಮೇಲೆ ಹೆಚ್ಚಿದೆ ಎಂದು ನನಗನ್ನಿಸುತ್ತದೆ.

ಜತನಕ್ಕೆ ಹಣಕ್ಕಿಂತ ತಿಳಿವಳಿಕೆ ಮುಖ್ಯ. ನಮ್ಮ ಅಜ್ಜಂದಿರ ಕಾಲದ ಎಷ್ಟೋ ಇಟ್ಟಿಗೆ ಮನೆಗಳು ಸುಣ್ಣದ ಗಾರೆಯವು. ಗೋಡೆ ಮಳೆಯಲ್ಲಿ ಹೀರಿದ ನೀರು ಆ ಗಾರೆಯ ಸಂದಿಗಳಿಂದ ಆರಿಹೋಗುತ್ತದೆ. ಗಟ್ಟಿಯಾಗಲೆಂದು ಸಂದಿಗೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ಆ ದಾರಿ ಮುಚ್ಚುತ್ತದೆ. ಅದು ಇಟ್ಟಿಗೆಯೊಳಗೇ ನಿಂತು, ಕ್ರಮೇಣ ಇಟ್ಟಿಗೆಯ ಮೈ ಪುಡಿಯಾಗಿ ಉದುರುತ್ತದೆ. ಈ ಸಲ ಗಾರೆ ಕೆಲಸದವರನ್ನು ಕರೆದಾಗ, ಸಿಮೆಂಟಿನ ಚೀಲ ತರಿಸುವ ಮೊದಲು, ಸಂದಿಯನ್ನು ಸ್ವಲ್ಪ ಕೆರೆದು ಒಳಗೇನಿದೆಯೆಂದು ನೋಡಲು ಹೇಳಿ.