ಹುಲ್ಲಿಗೊಂದು ಬಿಡುವು

ತಂಪುದೇಶಗಳಲ್ಲಿ ಮನೆ ಮುಂದಿನ ಹುಲ್ಲುಹಾಸು ತೆಳ್ಳಗಾದರೆ ಅದನ್ನು ಅಗೆದು ಹಾಕುವುದಿಲ್ಲ. ಇರುವ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ನೆಲವನ್ನು ಒಂದಿಷ್ಟು ಕೆರೆದು, ಅದರ ಮೇಲೇ ರೈ ಹುಲ್ಲಿನ ಬೀಜ ಚೆಲ್ಲುತ್ತಾರೆ. ವಾರ ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಕಷ್ಟದ ಕೆಲಸ ಆಮೇಲಿನದು: ಬೇರು ಹಿಡಿಯುವ ತನಕ ಅದನ್ನು ಯಾರೂ ತುಳಿಯಕೂಡದು. ಸ್ವಂತ ಅಂಗಳವಾದರೆ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದರಾಯಿತು. ಊರ ಹುಲ್ಲಿಗೆ ಹಗ್ಗ ಕಟ್ಟುವವರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಊರ ಹುಲ್ಲು ಅಂದರೆ ಗೋಮಾಳ. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿಗೆಂದು ಮೀಸಲಿಡಬೇಕು ಎನ್ನುತ್ತವೆ 1966ರ ಕರ್ನಾಟಕ ಭೂಕಂದಾಯ ನಿಯಮಗಳು. ಪಹಣಿಯಲ್ಲಿ ಗೋಮಾಳ ಎಂದಿದ್ದರೂ ಎಷ್ಟೋ ಕಡೆ ಅರ್ಧ ಬಗರ್‌ಹುಕುಂ ಸಾಗುವಳಿಗೆ ಹೋಗಿದೆ, ಒಂದಿಷ್ಟು ನಿವೇಶನಗಳಿಗೆ ಹೋಗಿದೆ. ಉಳಿದ ತುಂಡಿನಲ್ಲಿ ಮುಂಗಾರಿಗೆ ಎರಡು ಬೆರಳು ಹಸಿರೆದ್ದರೆ ಸಾಕು, ಮರುದಿನ ಬೆಳಿಗ್ಗೆ ಊರಿನ ದನ, ಕುರಿ, ಆಡೆಲ್ಲ ಅಲ್ಲಿರುತ್ತವೆ. ಹುಲ್ಲು ತೆನೆ ಬಿಡುವುದಿಲ್ಲ, ಬೀಜ ಉದುರುವುದಿಲ್ಲ. ನಾಲ್ಕಾರು ವರ್ಷ ಹೀಗೇ ನಡೆದರೆ ದನಕ್ಕೆ ಇಷ್ಟವಾದ ಹುಲ್ಲೆಲ್ಲ ಹೋಗಿ, ಬಾಯಿಗೆ ಸೇರದ ಲಂಟಾನ, ತಂಗಡಿ, ಪಾರ್ಥೇನಿಯಂ ಮಾತ್ರ ಉಳಿಯುತ್ತವೆ. ಚುಂಚನಕಟ್ಟೆ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಕೊಂಬು, ಮೈಕಟ್ಟು ನೋಡಿ ಬೆರಗಾಗುವ ನಾವು, ಆ ಮೈಯನ್ನು ಕಟ್ಟಿದ ಹುಲ್ಲಿನ ಸುದ್ದಿ ಎತ್ತುವುದಿಲ್ಲ.

ಎತ್ತುವವರು ಒಂದು ಕಾಲದಲ್ಲಿ ಹುಣಸೂರಿನಲ್ಲೇ ಇದ್ದರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. 1799ರ ನಂತರ ಅದು ಇಂಗ್ಲಿಷರ ಕೈಸೇರಿ, ಮದ್ರಾಸ್ ಸೈನ್ಯಕ್ಕೆ ಎತ್ತು ಒದಗಿಸುವ ಇಲಾಖೆಗೆ ಹುಣಸೂರು ನೆಲೆಯಾಯಿತು. ಫಿರಂಗಿ ಎಳೆಯುವ ಆ ಎತ್ತುಗಳ ಬೆನ್ನಿಗೆ ಒಂದು ಸರಳ ಲೆಕ್ಕವಿತ್ತು. ನಾಡಿನ ತುಂಬ ಹರಡಿದ್ದ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಹಿಂಡು ಒಂದರಲ್ಲಿ ಮೇಯುವಾಗ ಉಳಿದೆರಡು ಸುಧಾರಿಸಿಕೊಳ್ಳುತ್ತಿದ್ದವು. ಆದರೆ ಆ ಬಿಡುವನ್ನು ಕಾಯುತ್ತಿದ್ದುದು ಸರ್ಕಾರದ ಅಧಿಕಾರ. ಆ ಹುಲ್ಲು ಮೊದಲು ದೊರೆಯದ್ದು, ಆಮೇಲೆ ಸೈನ್ಯದ್ದು. ಗೋಮಾಳ ಎಲ್ಲರದು. ಅದಕ್ಕೇ ಅದನ್ನು ಕಾಯುವುದು ಹೆಚ್ಚು ಕಷ್ಟ.

ಹಾಳಾದ ಹುಲ್ಲುಗಾವಲಿನ ಮೇಲೆ ಮರುಬಿತ್ತನೆ ಮಾಡುವ ವಿಧಾನ ನಮ್ಮಲ್ಲೂ ಇದೆ. ನಮ್ಮ ಬಿಸಿಲಿಗೆ ಹೊಂದುವುದು ರೈ ಅಲ್ಲ, ಸ್ಟೈಲೋ. ಬೇಳೆಕಾಳಿನ ಜಾತಿಯ, ಸಣ್ಣ ಹಳದಿ ಹೂವಿನ ಗಿಡ ಅದು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು ಪಕ್ಕದ ಹುಲ್ಲಿಗೂ ಗೊಬ್ಬರವಾಗುತ್ತದೆ. ಬೀಜದ ಸಿಪ್ಪೆ ಗಟ್ಟಿ. ಕುದಿದು ಸ್ವಲ್ಪ ಆರಿದ ನೀರಿನಲ್ಲಿ ಕೆಲವೇ ನಿಮಿಷ ಅದ್ದಿ, ಬಸಿದು, ನೆರಳಲ್ಲಿ ಆರಿಸುತ್ತಾರೆ. ಬೀಜ ಸಣ್ಣದಾದ್ದರಿಂದ ಮರಳು ಬೆರೆಸಿ ಚೆಲ್ಲಬೇಕು. ಇಲ್ಲದಿದ್ದರೆ ಒಂದೇ ಕಡೆ ಗುಪ್ಪೆಯಾಗಿ ಬೀಳುತ್ತದೆ. ಮಳೆ ಹಿಡಿದ ಮೇಲೆ ಚೆಲ್ಲಿ, ಮುಳ್ಳುಕೊಂಬೆ ಎಳೆದು ತೆಳ್ಳಗೆ ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. ಉಳುಮೆಯಿಲ್ಲ, ಹೆಚ್ಚು ಖರ್ಚಿಲ್ಲ. ಒಂದು ಮಳೆಗಾಲ ಮೇಯಿಸದೆ ಬಿಟ್ಟರೆ ಅದೇ ಬೀಜ ಉದುರಿಸಿ ಮುಂದಿನ ವರ್ಷ ತಾನೇ ಹುಟ್ಟುತ್ತದೆ.

ಯಾವ ಇಲಾಖೆಯೂ ಚೀಲದಲ್ಲಿ ತುಂಬಿ ಕೊಡಲಾರದ್ದು ಆ ಒಂದು ಮಳೆಗಾಲವನ್ನು. "ನಾನು ಬಿಟ್ಟರೆ ಇನ್ನೊಬ್ಬ ಮೇಯಿಸ್ತಾನೆ" ಅನ್ನುವ ಮಾತಿಗೆ ಉತ್ತರವಿಲ್ಲವೆಂದೇ 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದ: ಎಲ್ಲರಿಗೂ ತೆರೆದಿಟ್ಟ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು. ಹಾಗೇನೂ ಇಲ್ಲ ಎಂದು ಊರೂರಿನ ಉದಾಹರಣೆ ತೋರಿಸಿದವರು ಎಲಿನಾರ್ ಆಸ್ಟ್ರಂ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳಿದ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಒಂದು. ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸು ಸಾಕಬಲ್ಲನೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಬೆಟ್ಟಕ್ಕೆ ಹೊಡೆಯಬೇಕು ಎಂಬುದು ಅಲ್ಲಿ 1517ರಷ್ಟು ಹಿಂದಿನ ಕಟ್ಟಳೆ. ದೊರೆಯ ಭಯವಿಲ್ಲದೆಯೂ ಕೈ ಬಿಗಿಹಿಡಿಯಬಹುದು; ನೆರೆಯವನೂ ಹಿಡಿದಿದ್ದಾನೆ ಎಂಬ ನಂಬಿಕೆ ಬೇಕು, ಅಷ್ಟೆ.

ಆದರೆ ಆ ಕಟ್ಟಳೆಯನ್ನು ಹಾಗೆಯೇ ಇಲ್ಲಿಗೆ ತಂದರೆ ನಡೆಯದು. ಡೇರಿಗೆ ಹಾಲು ಹಾಕುವ, ಬೋರ್‌ವೆಲ್ ಇರುವ ಮನೆಯ ಸೀಮೆಹಸು ಕೊಟ್ಟಿಗೆಯಲ್ಲೇ ನೇಪಿಯರ್ ತಿನ್ನುತ್ತದೆ. ಗೋಮಾಳ ಮುಚ್ಚಿದರೂ ತೆರೆದರೂ ಆ ಮನೆಗೆ ಒಂದೇ. ಗುಂಟೆ ಜಮೀನೂ ಇಲ್ಲದೆ ಎರಡು ಆಡು ಕಟ್ಟಿಕೊಂಡವಳಿಗೆ ಗೋಮಾಳವೇ ಗತಿ. ಊರು ಕೂಡಿ "ಈ ಮಳೆಗಾಲ ಯಾರೂ ಮೇಯಿಸುವಂತಿಲ್ಲ" ಎಂದು ತೀರ್ಮಾನಿಸಿದಾಗ, ಮೊದಲು ಕೈ ಎತ್ತುವವನು ಅದರಿಂದ ಏನೂ ಕಳೆದುಕೊಳ್ಳದವನು. ನಷ್ಟವೆಲ್ಲ ಆಕೆಯದು. ರಾತ್ರಿ ಕದ್ದು ಮೇಯಿಸಿದರೆ ದಂಡ ಕಟ್ಟುವವಳೂ ಆಕೆಯೇ.

ಪರರಿಗೆ ಸಂಯಮ ಹೇಳುವುದು ಸುಲಭ. ಇನ್ನೊಬ್ಬರ ಹೊಟ್ಟೆಯ ಮೇಲೆ ನಿಂತ ಸಂಯಮವನ್ನು ಪರಿಸರಪ್ರೇಮ ಎಂದು ಕರೆಯುವುದು ಇನ್ನೂ ಸುಲಭ. ಗೋಮಾಳದ ಹುಲ್ಲು ಮತ್ತೆ ಬೀಜ ಕಟ್ಟಬೇಕಾದರೆ, ಆ ನಾಲ್ಕು ತಿಂಗಳು ನೇಪಿಯರ್ ಇರುವವನು ದಿನಕ್ಕೊಂದು ಹೊರೆ ಕೊಯ್ದು ಆಕೆಯ ಆಡಿನ ಮುಂದೆ ಹಾಕಬೇಕು. ಉಪಕಾರವೆಂದಲ್ಲ, ಊರಿನ ತೀರ್ಮಾನದಲ್ಲಿ ತನ್ನ ಪಾಲಿನ ಖರ್ಚೆಂದು. ಹೊರೆ ಕೊಡಲು ಮನಸ್ಸಿಲ್ಲದವನಿಗೆ ಬೇಲಿ ಹಾಕಲು ಕೈ ಎತ್ತುವ ಹಕ್ಕೂ ಇಲ್ಲ.