ಗೌತಮಿ ಬಿಡಿಸಿದ ಹಾವು

ಮಳೆಗಾಲದಲ್ಲಿ ಕರಾವಳಿಯ ಮನೆಯ ಹಿತ್ತಲಿಗೆ ಹಾವು ಬರುವುದು ಸುದ್ದಿಯೇನಲ್ಲ. ಮುರಕಲ್ಲಿನ ಕಟ್ಟೆಯ ಬಿರುಕು, ತೆಂಗಿನ ಗರಿಯ ರಾಶಿ, ಗೊಬ್ಬರದ ಗುಂಡಿ, ಅಲ್ಲಿ ಸೇರುವ ಇಲಿ, ಕಪ್ಪೆ, ಇಷ್ಟಿದ್ದ ಮೇಲೆ ಕೇರೆಯೋ ನಾಗರವೋ ಬಂದೇ ಬರುತ್ತದೆ. ಕಂಡ ಕೂಡಲೇ ಏಳುವ ಪ್ರಶ್ನೆ ಧರ್ಮದ್ದು: ಇದನ್ನು ಕೊಲ್ಲಬಹುದೇ? ದಕ್ಷಿಣ ಕನ್ನಡ, ಉಡುಪಿಗಳ ಸಂಪ್ರದಾಯ ಇದಕ್ಕೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ನಾಗರಹಾವಾದರೆ ಕೈಮುಗಿಯಬೇಕು, ಸತ್ತು ಬಿದ್ದಿದ್ದರೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡಬೇಕು. ಕೊಳಕುಮಂಡಲಕ್ಕೆ ಮಾತ್ರ ದೊಣ್ಣೆ. ನಾಗಬನಗಳು ಊರೂರಲ್ಲಿ ಒಂದೊಂದು ತುಂಡು ಕಾಡನ್ನು ಉಳಿಸಿಕೊಟ್ಟದ್ದು ದೊಡ್ಡ ಉಪಕಾರವೇ (ಈಗ ಎಷ್ಟೋ ಬನಗಳಲ್ಲಿ ಮರ ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ, ಅದು ಬೇರೆ ಮಾತು). ಆದರೆ ನಾಗದೋಷದ ಭಯ ಕಾಯುವುದು ಒಂದೇ ಜಾತಿಯ ಹಾವನ್ನು. ಹಾವಿಗಿಂತ ಹೆಚ್ಚಾಗಿ ನಮ್ಮ ಸಂತಾನವನ್ನು, ನಮ್ಮ ಚರ್ಮವನ್ನು. ಹೆಡೆ ಇದೆಯೋ ಇಲ್ಲವೋ ಎಂದು ನೋಡಿ ಬದಲಾಗದ ಕಾರಣವೊಂದು ಬೇಕಲ್ಲ?

ಅಂಥ ಕಾರಣವನ್ನು ಹುಡುಕುವ ಕಥೆ ಮಹಾಭಾರತದ ಅನುಶಾಸನಪರ್ವದಲ್ಲಿದೆ. ಯುದ್ಧ ಮುಗಿದಿದೆ, ಅಷ್ಟೂ ಸಾವಿಗೆ ತಾನೇ ಹೊಣೆಯೆಂದು ಯುಧಿಷ್ಠಿರ ಕುಗ್ಗಿಹೋಗಿದ್ದಾನೆ. ಅವನಿಗೆ ಭೀಷ್ಮ ಹೇಳುವ ಕಥೆ. ಗೌತಮಿಯೆಂಬ ಮುದುಕಿಯ ಮಗನನ್ನು ಹಾವು ಕಚ್ಚಿ ಕೊಂದಿದೆ. ಅರ್ಜುನಕನೆಂಬ ಬೇಡ ಆ ಹಾವನ್ನು ಬಿಗಿದು ತಂದು, ಸುಡಲೋ ಕಡಿಯಲೋ ಎಂದು ಕೇಳುತ್ತಾನೆ. ಇದು ಸತ್ತರೆ ನನ್ನ ಮಗ ಏಳುವುದಿಲ್ಲ, ಬಿಟ್ಟುಬಿಡು ಎನ್ನುತ್ತಾಳೆ ಗೌತಮಿ. ಬೇಡನೇನೂ ದಡ್ಡನಲ್ಲ. ಇದೊಂದು ಸತ್ತರೆ ಹಲವರು ಉಳಿಯುತ್ತಾರೆ ಎಂದು ಪಟ್ಟು ಹಿಡಿಯುತ್ತಾನೆ. ಹಾವು ತಾನು ಸ್ವತಂತ್ರನಲ್ಲ, ಮೃತ್ಯು ಪ್ರೇರಿಸಿದ ಎನ್ನುತ್ತದೆ. ಮೃತ್ಯು ಬಂದು ಕಾಲನತ್ತ ಬೆರಳು ತೋರುತ್ತಾನೆ. ಕಾಲನೋ, ಹುಡುಗನ ಕರ್ಮವೇ ಅವನನ್ನು ಕೊಂದಿತು ಎಂದು ಮುಗಿಸುತ್ತಾನೆ. ಗೌತಮಿ ಅದನ್ನು ಒಪ್ಪುತ್ತಾಳೆ, ಹಾವಿನ ಕಟ್ಟು ಬಿಚ್ಚುತ್ತದೆ.

ಕಾಲನ ಕೊನೆಯ ಮಾತನ್ನು ನಾನು ಒಪ್ಪಲಾರೆ. ಬರಿಗಾಲಲ್ಲಿ ಗದ್ದೆಗಿಳಿದು ಸತ್ತ ಕೂಲಿಯವಳಿಗೆ ‘ನಿನ್ನ ಕರ್ಮ’ ಎನ್ನುವುದು ಕ್ರೌರ್ಯ. ಆದರೆ ಆ ಮಾತನ್ನು ತಿರಸ್ಕರಿಸಿದರೆ ಹೊಣೆ ಮರಳಿ ಹಾವಿನ ತಲೆಗೇ ಬರುತ್ತದೆ ಎಂದೇನೂ ಇಲ್ಲ. ಕಥೆಯ ಗಟ್ಟಿ ಭಾಗ ಅದಕ್ಕೂ ಮೊದಲೇ ಇದೆ. ದ್ವೇಷವಿಲ್ಲದೆ, ತುಳಿದದ್ದಕ್ಕೋ ಹೆದರಿದ್ದಕ್ಕೋ ಕಚ್ಚಿದ ಪ್ರಾಣಿ ಸಾವಿಗೆ ಕಾರಣವಾಗಬಹುದು, ಅಪರಾಧಿಯಾಗಲಾರದು. ಹೊಣೆ ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತ ಹೋದರೆ ಬೆಳಕಿಲ್ಲದ ದಾರಿ, ನೆಲದ ಮೇಲಿನ ಹಾಸಿಗೆ, ತಡವಾಗಿ ಸಿಕ್ಕಿದ ವಾಹನ, ವಿಷನಿರೋಧಕ ಔಷಧಿಯಿಲ್ಲದ ಆಸ್ಪತ್ರೆ ಎದುರಾಗುತ್ತವೆ. ಇವೆಲ್ಲ ಮನುಷ್ಯರು ಮಾಡಿದವು, ಅಥವಾ ಮಾಡದೆ ಬಿಟ್ಟವು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದು ಈ ದಿಕ್ಕಿನ ಹೆಜ್ಜೆಯೇ.

ಬೇಡನ ವಾದ ಇನ್ನೂ ಉಳಿದಿದೆ, ಅದು ಹಗುರವಾದದ್ದಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಇಷ್ಟು ಹೆಣಗಳ ಎದುರು ಗೌತಮಿಯ ಕ್ಷಮೆ ಹೊಟ್ಟೆ ತುಂಬಿದವರ ಉದಾರತೆ ಎನಿಸಬಹುದು. ಆದರೆ ಕಂಡ ಹಾವನ್ನು ಹೊಡೆಯುವ ರೂಢಿ ಇದ್ದೂ ಇಷ್ಟು ಜನ ಸತ್ತಿದ್ದಾರಲ್ಲ. ಕಚ್ಚುವುದು ಬಹುಪಾಲು ಕಾಣದ ಹಾವು: ಕತ್ತಲಲ್ಲಿ ತುಳಿದ ಮಂಡಲ, ಮಲಗಿದವರ ಪಕ್ಕಕ್ಕೆ ಹರಿದು ಬಂದ ಕಟ್ಟುಹಾವು. ಹಗಲಲ್ಲಿ ತೋಟದ ನಡುವೆ ನಮ್ಮ ಕಣ್ಣಿಗೆ ಬಿದ್ದ ಹಾವು ಅವುಗಳಿಗಿಂತ ಕಡಿಮೆ ಅಪಾಯದ್ದು. ದೊಣ್ಣೆ ಹಿಡಿದು ಹತ್ತಿರ ಹೋದಾಗಷ್ಟೇ ಅಪಾಯ ಏರುತ್ತದೆ. ಅದು ಕೇರೆಯಾಗಿದ್ದರಂತೂ, ಹೊಡೆದವನು ಇಲಿಗಳಿಗೆ ಉಪಕಾರ ಮಾಡಿದಂತೆ. ಇಲಿ ಉಳಿದ ಕಡೆಗೆ ಇನ್ನೊಂದು ಹಾವು ಬರಲು ತಡವಿಲ್ಲ. ಒಂದನ್ನು ಕೊಂದು ಹಲವರನ್ನು ಉಳಿಸುವ ಲೆಕ್ಕ ಬೇಡನ ಅಂಗಳದಲ್ಲೇ ತಪ್ಪುತ್ತದೆ. ಕಾಲಿಗೆ ಬೂಟು, ಕೈಯಲ್ಲಿ ಟಾರ್ಚು, ಹಾಸಿಗೆಯ ಸುತ್ತ ಸಿಕ್ಕಿಸಿದ ಸೊಳ್ಳೆಪರದೆ, ಇವು ಉಳಿಸುವ ಜೀವಗಳು ಹೆಚ್ಚು.

ಮಗು ಮಲಗಿದ ಕೋಣೆಯಲ್ಲೇ ಕಟ್ಟುಹಾವು ಕಂಡರೆ? ಗೌತಮಿಯ ಮುಂದಿದ್ದದ್ದು ಹಗ್ಗದಲ್ಲಿ ಬಿಗಿದ ಹಾವು; ಅಪಾಯ ಕಳೆದಿತ್ತು, ಉಳಿದದ್ದು ಸೇಡು ಮಾತ್ರ. ಕೋಣೆಯಲ್ಲಿ ಅಪಾಯ ಇನ್ನೂ ಹರಿದಾಡುತ್ತಿದೆ. ಮೊದಲು ಮಗುವನ್ನು ಎತ್ತಿ ಹೊರಗೆ ತಂದು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಹಾವು ಹಿಡಿಯುವವರನ್ನು ಕರೆಯುವುದು ಸರಿ. ಅದಕ್ಕೂ ಸಮಯವಿಲ್ಲದೆ ಕೊಲ್ಲಬೇಕಾಗಿ ಬಂದವರನ್ನು ಪಾಪಿಗಳೆಂದು ಕರೆಯಲು, ಅವರಿಂದ ದೋಷಪರಿಹಾರದ ದಕ್ಷಿಣೆ ಕೇಳಲು ಯಾರಿಗೂ ಹಕ್ಕಿಲ್ಲ. ಆದರೆ ಆ ಕೋಣೆಯ ಅನಿವಾರ್ಯವನ್ನು ಹಿತ್ತಲಿಗೆ ಎಳೆದು ತಂದು, ಗೊಬ್ಬರದ ಗುಂಡಿಯತ್ತ ತನ್ನ ಪಾಡಿಗೆ ಸರಿಯುತ್ತಿರುವ ಕೇರೆಗೂ ಅದನ್ನೇ ಅನ್ವಯಿಸಲು ಬರುವುದಿಲ್ಲ.